ತಲೆ ಬಗ್ಗಿಸದ ಲೈನ್‌ಮನ್‌ಗೆ ಜೋಡಿಯಾಗಿ

ಹಲಸೂರು ಕೆರೆಯ ಪಕ್ಕದಲ್ಲಿ ಬೆಳಿಗ್ಗೆ ಓಡುವ ಹುಡುಗರಲ್ಲಿ ಹೆಚ್ಚಿನವರು ಸೈನ್ಯಕ್ಕೆ ಸೇರಲು ತಯಾರಿ ನಡೆಸಿರುವವರು. ನಾನು ಅಲ್ಲಿಗೆ ನಡೆಯಲು ಹೋಗುತ್ತೇನೆ. ನಾನು ಕೈ ಬೀಸುವ ರೀತಿ ನೋಡಿಯೇ ಹಳೆಯ ಫೌಜಿ ಎಂದು ಗುರುತು ಹಿಡಿದ ಒಬ್ಬ, ಒಂದು ದಿನ ಓಟ ನಿಲ್ಲಿಸಿ ಬಂದ.

"ಅಣ್ಣಾ, ನೀವು ಯುದ್ಧ ಮಾಡಿದೀರಾ?"

"ಮಾಡಿದೀನಿ ಅಂತ ಇಟ್ಕೋ."

"ಎಷ್ಟ್ ಜನಾನ ಹೊಡ್ದಿದೀರ?"

"ಯಾರನ್ನೂ ಇಲ್ಲ. ನಾನು ಟೆಲಿಫೋನ್ ವೈರ್ ಜೋಡಿಸ್ತಿದ್ದೆ."

ಅವನು ಗೆಳೆಯನ ಕಡೆ ತಿರುಗಿ, "ನಡಿ ಮಗಾ, ಇನ್ನೊಂದ್ ರೌಂಡ್ ಹಾಕೋಣ" ಎಂದು ಹೊರಟುಹೋದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ವಯಸ್ಸಿನಲ್ಲಿ ನನ್ನ ಪ್ರಶ್ನೆಯೂ ಅದೇ ಆಗಿತ್ತು. ಆದರೆ ಅವನು ಸೇರಿದ ಮೇಲೆ ಅವನ ಕೈಯಲ್ಲಿ ಬಂದೂಕಿಗಿಂತ ಹೆಚ್ಚು ಹೊತ್ತು ಗುದ್ದಲಿ ಇರುತ್ತದೆ, ಇಲ್ಲವೇ ಸೌಟು, ಇಲ್ಲವೇ ನನ್ನ ಹಾಗೆ ಇಕ್ಕಳ. ಅದನ್ನು ಯಾರೂ ಅವನಿಗೆ ಹೇಳಿರುವುದಿಲ್ಲ. ಕೆ.ಆರ್. ಪುರದ ಕೋಚಿಂಗ್ ಸೆಂಟರಿನವರು ಹೇಳುವುದಿಲ್ಲ, ವರ್ಷಕ್ಕೊಮ್ಮೆ ಶಿವಾಜಿನಗರದ ಸಭಾಂಗಣದಲ್ಲಿ ಶಾಲು ಹೊದಿಸಿಕೊಳ್ಳುವ ನಮ್ಮ ಮಾಜಿ ಸೈನಿಕರೂ ಹೇಳುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಿವೃತ್ತ ಎಂದರೆ ಜನ ಬಿಳಿ ಮೀಸೆಯನ್ನು ಹುಡುಕುತ್ತಾರೆ. ನನಗಿನ್ನೂ ನಲವತ್ತಾಗಿಲ್ಲ. ಜವಾನರನ್ನು ಸೈನ್ಯ ಆ ವಯಸ್ಸಿಗೇ ಮನೆಗೆ ಕಳಿಸುತ್ತದೆ. ಹೊರಮಾವಿನಲ್ಲಿ ನಮ್ಮ ಅಪ್ಪ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ಇದೆ, ನಮ್ಮ ಮನೆಯೂ ಅದರಲ್ಲೇ, ಲಿಫ್ಟಿನಲ್ಲಿ ಸಿಕ್ಕವರು ಹಗಲು ಹೊತ್ತಿನಲ್ಲಿ ನನ್ನನ್ನು ಕಂಡು "ವರ್ಕ್ ಫ್ರಮ್ ಹೋಮಾ?" ಎನ್ನುತ್ತಾರೆ. ಹೌದು ಎಂದುಬಿಡುತ್ತೇನೆ. ವಾದ ಮಾಡುವ ಚಟ ಇದ್ದವನಿಗೆ ಇಷ್ಟು ಬೇಗ ಹೌದು ಎನ್ನುವುದು ಬಂದದ್ದು ಹೇಗೆ ಎಂಬುದು ಬೇರೆ ಕಥೆ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗ. ಬೆಳಿಗ್ಗೆ ಒಂದು ವಿಷಯದ ಪರವಾಗಿ ಮಾತಾಡಿ ಗೆದ್ದು, ಮಧ್ಯಾಹ್ನ ಅದೇ ವಿಷಯದ ವಿರುದ್ಧ ಮಾತಾಡಿ ಗೆದ್ದದ್ದುಂಟು. ಮನೆಯಲ್ಲಿ ಯಾವುದಕ್ಕೂ ಒಪ್ಪುತ್ತಿರಲಿಲ್ಲ. ಅಪ್ಪನಿಗೆ ಸಾಕಾಗಿತ್ತು. "ಬಾಯಿಗೆ ಕೆಲ್ಸ ಕೊಟ್ಟಿದ್ದು ಸಾಕು ಮುನಿರಾಜು, ಕೈಗೂ ಒಂಚೂರು ಕೊಡು" ಎನ್ನುತ್ತಿದ್ದರು. ಭರ್ತಿ ರ‍್ಯಾಲಿಗೆ ಗೆಳೆಯನ ಜೊತೆಗೆ ಹೋದೆ. ಗೆಳೆಯ ಓಟದಲ್ಲಿ ಬಿದ್ದ, ನಾನು ಆಯ್ಕೆಯಾದೆ. ದೇಶಪ್ರೇಮ ಇರಲಿಲ್ಲವೆಂದಲ್ಲ. ಇದ್ದದ್ದು ಎಲ್ಲರಿಗೂ ಇರುವಷ್ಟೇ. ಅದರಿಂದಲೇ ಸೇರಿದೆ ಎಂದರೆ ಮಾತ್ರ ಸುಳ್ಳಾಗುತ್ತದೆ.

ಸಿಗ್ನಲ್ ವಿಭಾಗಕ್ಕೆ ಹಾಕಿದರು. ಒಂದಿಷ್ಟು ವರ್ಷದ ಮೇಲೆ ಗಡಿಯ ಒಂದು ಗುಡ್ಡಕ್ಕೆ ಕಳಿಸಿದರು. ಅಲ್ಲಿ ಆ ವರ್ಷ ನಡೆದದ್ದಕ್ಕೆ ಪತ್ರಿಕೆಗಳು ಯುದ್ಧ ಎನ್ನಲಿಲ್ಲ, ಗುಂಡಿನ ಚಕಮಕಿ ಎಂದವು. ಒಂದು ಬೇಸಿಗೆಯುದ್ದಕ್ಕೂ ಆ ಕಡೆಯಿಂದ ಶೆಲ್ ಬಿದ್ದವು, ಈ ಕಡೆಯಿಂದ ಹೋದವು. ಅದು ಯುದ್ಧ ಹೌದೋ ಅಲ್ಲವೋ ಎಂದು ಇಂದಿಗೂ ನಾನು ಎರಡೂ ಕಡೆ ವಾದಿಸಬಲ್ಲೆ. ಬಿದ್ದ ಶೆಲ್ಲುಗಳಿಗೆ ಮಾತ್ರ ಆ ವ್ಯತ್ಯಾಸ ತಿಳಿದಿರಲಿಲ್ಲ.

ಕೆಲಸ ಇಷ್ಟು: ಗುಡ್ಡದ ಬುಡದ ಬಂಕರಿನಲ್ಲಿ ಒಂದು ಪುಟ್ಟ ಟೆಲಿಫೋನ್ ಎಕ್ಸ್‌ಚೇಂಜ್. ಗುಡ್ಡದ ನೆತ್ತಿಯಲ್ಲಿ ನಮ್ಮ ಪೋಸ್ಟ್. ಎರಡರ ನಡುವೆ ನೆಲದ ಮೇಲೆ ಹಾಸಿದ ಕಪ್ಪು ಕೇಬಲ್. ಈ ಕಾಲದಲ್ಲಿ ಕೇಬಲ್ ಯಾಕೆ ಎಂದು ನಾನೂ ಕೇಳಿದ್ದೆ. ವೈರ್‌ಲೆಸ್ಸಿನಲ್ಲಿ ಆಡಿದ್ದನ್ನು ಎದುರಿನವನೂ ಕೇಳಿಸಿಕೊಳ್ಳುತ್ತಾನೆ, ಕೇಬಲ್ಲಿನಲ್ಲಿ ಆಡಿದ್ದು ಸುಲಭವಾಗಿ ಅವನ ಕಿವಿಗೆ ಬೀಳುವುದಿಲ್ಲ. ಮೇಲಿನ ಪೋಸ್ಟಿನವರು ಎಲ್ಲಿಂದ ಶೆಲ್ ಬರುತ್ತಿದೆ ಎಂದು ನೋಡಿ ಹೇಳಿದರೆ ಮಾತ್ರ ನಮ್ಮ ಫಿರಂಗಿಗಳಿಗೆ ದಿಕ್ಕು. ಗಾಯವಾದವನನ್ನು ಇಳಿಸಲು ಜನ ಕಳಿಸಿ ಎನ್ನಲೂ ಅದೇ ಲೈನ್. ಶೆಲ್ ಬಿದ್ದಾಗ ಲೈನ್ ಕಡಿಯುತ್ತದೆ. ಕಡಿದಾಗ ಇಬ್ಬರು ಲೈನ್‌ಮನ್‌ಗಳು ಹೋಗಿ, ಕಡಿದ ಜಾಗ ಹುಡುಕಿ, ಸೇರಿಸಿ ಬರಬೇಕು. ಅಷ್ಟೇ.

ನಮ್ಮ ಮೇಲಿನವರು ಸುಬೇದಾರ್ ಠಾಕೂರ್ ಸಾಹೇಬರು. ತೆಳ್ಳಗಿನ ಮನುಷ್ಯ, ಧ್ವನಿ ಏರಿಸುತ್ತಿರಲಿಲ್ಲ. ಅವರು ಆಡುತ್ತಿದ್ದದ್ದು ಹಿಂದಿ. ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಪ್ರತಿದಿನ ಸಂಜೆ ಎಲ್ಲ ಕಡೆಯಿಂದಲೂ 'ಎಲ್ಲ ಸರಿಯಿದೆ' ಎಂಬ ವರದಿ ಮೇಲಕ್ಕೆ ಹೋಗಬೇಕೆಂಬುದು ಸೈನ್ಯದ ಪದ್ಧತಿ. ಹೊಸದರಲ್ಲಿ ಒಂದು ಸಂಜೆ ನಾನು ಎಕ್ಸ್‌ಚೇಂಜಿನಲ್ಲಿದ್ದೆ. ಬಂಕರಿನ ಒಂದು ಮೂಲೆ ಕುಸಿದಿತ್ತು, ಸೀಮೆಎಣ್ಣೆ ಮುಗಿದಿತ್ತು, ಒಬ್ಬನಿಗೆ ಭೇದಿ. ವರದಿ ಕೇಳಿದರು.

"ಸಾಹೇಬ್, ಎಲ್ಲ ಸರಿಯಿಲ್ಲ" ಎಂದೆ.

ಅವರು ನನ್ನನ್ನೇ ನೋಡಿದರು. "ಯಾರಾದರೂ ಸತ್ತಿದ್ದಾರಾ?"

"ಇಲ್ಲ ಸಾಹೇಬ್."

"ಓಡಿಹೋಗಿದ್ದಾರಾ?"

"ಇಲ್ಲ."

"ಮತ್ತೆ ಯಾವುದು ಸರಿಯಿಲ್ಲ?"

ನಾನು ಪಟ್ಟಿ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಚೆನ್ನಾಗಿ ಮಾತಾಡ್ತೀಯ. ಈಗ ಎಲ್ಲ ಸರಿಯಿದೆ ಅಂತ ವರದಿ ಕೊಟ್ಟು, ಆ ಮೂಲೆಗೆ ಮರಳಿನ ಚೀಲ ಇಡು" ಎಂದರು. ಕಾಲೇಜಿನಲ್ಲಿ ಯಾವ ತೀರ್ಪುಗಾರರೂ ನನ್ನನ್ನು ಇಷ್ಟು ಚೊಕ್ಕವಾಗಿ ಸೋಲಿಸಿರಲಿಲ್ಲ. ಅವರು ಹೇಳಿದ್ದು ಸರಿ ಎಂದು ಇಂದಿಗೂ ನಾನು ಒಪ್ಪಿಲ್ಲ. ಮರಳಿನ ಚೀಲ ಮಾತ್ರ ಇಟ್ಟೆ.

ನನ್ನ ಜೋಡಿ ನಾಯಕ್ ದರ್ಜೆಯ ಸೆಲ್ವರಾಜ್, ಹಲಸೂರಿನವರು. ಮಾರ್ಕೆಟ್ ಹಿಂದಿನ ಓಣಿಯಲ್ಲಿ ಮನೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ದಖನಿ ಉರ್ದು, ಸೈನ್ಯದಲ್ಲಿ ಹಿಂದಿ. ನಾಲ್ಕರಲ್ಲೂ ಸಲೀಸಾಗಿ ಬೈಯುತ್ತಿದ್ದರು. ಎರಡು ಸಾವಿರ ಕಿಲೋಮೀಟರು ದೂರದ ಕಲ್ಲುಗುಡ್ಡದಲ್ಲಿ, "ಡೇ ಮಚ್ಚಾ, ಇಂದ್ರಾನಗರದಾಗೆ ಈಗ ಇಡ್ಲಿ ಹಬೇಲಿಂದ ತೆಗೀತಾ ಇರ್ತಾರೆ ಕಣೋ" ಎನ್ನುವವರು ಒಬ್ಬರು ಇದ್ದರೆ ಎಷ್ಟು ಸಮಾಧಾನ ಎಂಬುದು ಹೋದವರಿಗೇ ಗೊತ್ತು. ನಾನು ಅವರನ್ನು ಸೆಲ್ವಣ್ಣ ಎನ್ನುತ್ತಿದ್ದೆ. ನನ್ನನ್ನು ಅವರು ವಕೀಲ ಎನ್ನುತ್ತಿದ್ದರು, ಕೋಪ ಬಂದಾಗ ವಕೀಲ್ರೇ.

ಒಂದು ಮಧ್ಯಾಹ್ನ ಅವರು ಬಂಕರಿನ ಬಾಯಲ್ಲಿ ಕೂತು ಬೂಟಿನ ಲಾಡಿ ಕಟ್ಟುತ್ತಿದ್ದಾಗ ಪಕ್ಕದಲ್ಲೇ ಶೆಲ್ ಬಿತ್ತು. ಧೂಳು ಇಳಿದ ಮೇಲೆ ನೋಡಿದರೆ ಅವರು ಹಾಗೆಯೇ ಕೂತಿದ್ದಾರೆ, ಮೈಮೇಲೆ ಒಂದು ಗೀರಿಲ್ಲ. ಕಿವಿಯಿಂದ ಮಾತ್ರ ಸಣ್ಣಗೆ ರಕ್ತ. ಕರವಸ್ತ್ರದಲ್ಲಿ ಒರೆಸಿಕೊಂಡು, ಅದನ್ನು ಮಡಚಿ ಜೇಬಿಗಿಟ್ಟರು. ಏನೂ ಆಗಿಲ್ಲ ಎಂದರು. ಎರಡು ದಿನ ಹೆಚ್ಚು ಮಾತಾಡಲಿಲ್ಲ. ಬೆಚ್ಚಿದ್ದಾರೆ, ಸರಿಹೋಗುತ್ತಾರೆ ಎಂದುಕೊಂಡೆ.

ಆಮೇಲೆ ಒಂದು ದಿನ ಲೈನ್ ಸೇರಿಸಿದ ಮೇಲೆ ಪರೀಕ್ಷೆಗೆಂದು ನಾನು ಮೇಲಿನ ಪೋಸ್ಟಿಗೆ ಹತ್ತಿದೆ. ಅವರು ಅರ್ಧ ದಾರಿಯಲ್ಲಿ, ಸೇರಿಸಿದ ಜಾಗದಲ್ಲಿ, ಪರೀಕ್ಷೆಯ ಫೋನ್ ಹಿಡಿದು ಕೂತಿದ್ದರು. ನಾನು ಮೇಲಿನಿಂದ ಹಿಡಿಕೆ ತಿರುಗಿಸಿ ಗಂಟೆ ಬಾರಿಸಬೇಕು, ಹೇಗೆ ಕೇಳುತ್ತಿದೆ ಎಂದು ಮಾತಾಡಬೇಕು, ಅವರು ಉತ್ತರ ಕೊಡಬೇಕು. ಹಿಡಿಕೆ ತಿರುಗಿಸಿದೆ. ಅಷ್ಟರಲ್ಲಿ ಪೋಸ್ಟಿನ ಹವಾಲ್ದಾರ ಚಹಾದ ಲೋಟ ಚಾಚಿದರು. ಫೋನನ್ನು ಕಲ್ಲಿನ ಮೇಲಿಟ್ಟು ಲೋಟ ತೆಗೆದುಕೊಂಡೆ. ಕಲ್ಲಿನ ಮೇಲಿನ ಫೋನ್ ಮಾತಾಡಿತು: "ಹಾಂ, ಸಾಫ್ ಕೇಳ್ತಿದೆ. ಇಳ್ಕೊಂಡ್ ಬಾ."

ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

ಫೋನ್ ಎತ್ತಿಕೊಂಡೆ. "ಸೆಲ್ವಣ್ಣ, ನಾನಿನ್ನೂ ಮಾತೇ ಆಡಿಲ್ಲ."

"ಸರಿ ಸರಿ. ಸಾಫ್ ಇದೆ."

"ಸೆಲ್ವಣ್ಣ, ನೀವೊಂದು ಕತ್ತೆ."

"ಸರಿ ಸರಿ. ಬೇಗ ಬಾ."

ಚಹಾ ಕುಡಿಯದೆ ಇಳಿದೆ. ಅವರು ನನಗೆ ಬೆನ್ನು ಮಾಡಿ ಕೂತಿದ್ದರು. ಫೋನ್ ಮಡಿಲಲ್ಲಿತ್ತು, ಅದನ್ನು ಕೇಬಲ್ಲಿಗೆ ಸೇರಿಸಿದ್ದ ಎರಡು ಬೋಳು ತಂತಿಗಳನ್ನು ಬೆರಳಲ್ಲಿ ಹಿಡಿದಿದ್ದರು. ಯಾರಾದರೂ ಆ ತುದಿಯಲ್ಲಿ ಹಿಡಿಕೆ ತಿರುಗಿಸಿದರೆ ಈ ತುದಿಯಲ್ಲಿ ಬೆರಳು ಜುಮ್ ಎನ್ನುತ್ತದೆ. ಫೋನ್ ಇಲ್ಲದಾಗ ಹಳಬರು ಲೈನ್ ನೋಡುತ್ತಿದ್ದದ್ದು ಹಾಗೆ. ಅವರು ಅಷ್ಟು ದಿನ ನಮಗೆಲ್ಲ ಬೆರಳಿನಿಂದ ಉತ್ತರ ಕೊಡುತ್ತಿದ್ದರು. ಹಿಂದಿನಿಂದ ಹೆಸರು ಕೂಗಿದೆ. ತಿರುಗಲಿಲ್ಲ. ಮುಂದೆ ಹೋಗಿ ನಿಂತು, ಕಿವಿ ತೋರಿಸಿ, ಯಾವಾಗಿನಿಂದ ಎಂದು ಕೇಳಿದೆ.

ತಂತಿಗಳನ್ನು ಕೈಯಿಂದ ಬಿಟ್ಟರು. "ಬಲಗಡೇದು ಒಂಚೂರು ಬರುತ್ತೆ, ಪಕ್ಕದಾಗ್ ಬಂದು ಕಿರುಚಿದ್ರೆ. ಎಡಗಡೇದು ರಜಾ ಮೇಲೆ ಊರಿಗೆ ಹೋಗ್ಬಿಟ್ಟಿದೆ."

ನಾನು ವಾದ ಹೂಡಿದೆ. ಶೆಲ್ ಬರುವಾಗ ಮೊದಲು ಸಿಳ್ಳಿನ ಸದ್ದು ಬರುತ್ತದೆ. ಅದು ಕೇಳಿಸಿದವನು ಮಲಗುತ್ತಾನೆ, ಕೇಳಿಸದವನು ಸಾಯುತ್ತಾನೆ. ನಾವು ಜೋಡಿ; ನಿಮಗೆ ಕೇಳಿಸದಿದ್ದರೆ ನಿಮ್ಮನ್ನು ಎಳೆಯಲು ಹೋಗಿ ನಾನೂ ಸಾಯುತ್ತೇನೆ. ಈಗಲೇ ಡಾಕ್ಟರ್ ಹತ್ತಿರ ಹೋದರೆ ಒಂದು ಕಿವಿಯಾದರೂ ಉಳಿದೀತು. ಒಂದೊಂದು ಮಾತಿಗೂ ಬೆರಳು ಮಡಚಿ ಹೇಳಿದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

"ಮುಗೀತಾ?" ಎಂದರು. "ಒಂದೂ ಕೇಳಿಸ್ಲಿಲ್ಲ."

ಕೇಳಿಸದಿದ್ದರೂ ತಿಳಿದಿತ್ತು. ಸಂಜೆ ತಾವೇ ಮಾತು ತೆಗೆದರು. "ಒಂದ್ಸಲ ಕೆಳಗೆ ಇಳಿದ್ರೆ ಮತ್ತೆ ಮೇಲೆ ಹತ್ಸಲ್ಲ ಮಚ್ಚಾ. ಕಿವಿ ಹೋದ ಲೈನ್‌ಮನ್ ಏನ್ ಮಾಡ್ತಾನೆ ಹೇಳು. ಅಡುಗೆ ಮನೇಲಿ ಈರುಳ್ಳಿ ಹೆಚ್ಚು ಅಂತಾರೆ. ಆಮೇಲೆ ಮನೆಗೆ ಹೋಗು ಅಂತಾರೆ. ನಂಗೆ ಈ ಕೆಲ್ಸ ಬಿಟ್ಟು ಇನ್ನೊಂದು ಬರಲ್ಲ. ಇನ್ನ ಎರಡೇ ವರ್ಷ. ಲೈನ್‌ಮನ್ ಆಗಿ ಬಂದೋನು ಲೈನ್‌ಮನ್ ಆಗೇ ಹೋಗ್ತೀನಿ, ಬಿಡು."

ನಾನು ಡಾಕ್ಟರಿಗೆ ಹೇಳಲಿಲ್ಲ. ಸ್ನೇಹಕ್ಕಾಗಿ ಎಂದರೆ ಕೇಳಲು ಚೆನ್ನಾಗಿರುತ್ತದೆ. ಆಗ ಮಾಡಿದ ಲೆಕ್ಕ ಬೇರೆ: ಆ ಇಳಿಜಾರಿನಲ್ಲಿ ಹಳೆಯ ಕೇಬಲ್ ಎಲ್ಲೆಲ್ಲಿ ಹೊರಳುತ್ತದೆ ಎಂದು ತಿಳಿದಿದ್ದವರು ಅವರೊಬ್ಬರೇ. ಅವರು ಇಳಿದರೆ ನನಗೆ ಸಿಗುವ ಜೋಡಿ ಲಾರಿ ಚಾಲಕನೋ ಕ್ಷೌರಿಕನೋ. ಕಿವಿಯಿಲ್ಲದ ಲೈನ್‌ಮನ್ ಮೇಲೋ, ಲೈನ್ ತಿಳಿಯದ ಕಿವಿ ಮೇಲೋ? ವಿಷಯ ಕೊಟ್ಟರೆ ಇವತ್ತೂ ಎರಡು ಕಡೆ ಮಾತಾಡಬಲ್ಲೆ. ಅಲ್ಲಿ ಒಂದೇ ಕಡೆ ನಿಲ್ಲಬೇಕಾಗಿತ್ತು.

ನಾವು ಒಂದು ಉಪಾಯ ಮಾಡಿಕೊಂಡೆವು. ಕಡಿದ ಜಾಗ ಹುಡುಕುವಾಗ ಲೈನ್‌ಮನ್ ಕೇಬಲನ್ನು ಅಂಗೈಯಲ್ಲಿ ಹಾಯಿಸಿಕೊಂಡು ನಡೆಯುತ್ತಾನೆ. ಅವರು ಮುಂದೆ, ನಾನು ಐವತ್ತು ಹೆಜ್ಜೆ ಹಿಂದೆ, ಅದೇ ಕೇಬಲ್ ಹಿಡಿದು. ನನಗೆ ಸಿಳ್ಳು ಕೇಳಿಸಿದರೆ ಕೇಬಲ್ ಜಗ್ಗುವುದು, ಜಗ್ಗಿದರೆ ಅವರು ಮಲಗುವುದು. ಇಬ್ಬರಿಗೂ ಇದು ಬಹಳ ಜಾಣತನದ ಉಪಾಯ ಎನಿಸಿತು. ಸುಮಾರು ದಿನ ನಡೆಯಿತು ಕೂಡ.

ಜನರೆದುರು ಸಂಭಾಳಿಸುವುದೇ ಕಷ್ಟವಾಗಿತ್ತು. ಒಮ್ಮೆ ಠಾಕೂರ್ ಸಾಹೇಬರು ಹಿಂದಿನಿಂದ ಬಂದು, "ಸೆಲ್ವರಾಜ್, ಹೊಸ ಕೇಬಲ್ ಡ್ರಮ್ ಬಂತಾ?" ಎಂದರು. ಸೆಲ್ವಣ್ಣ ಇಕ್ಕಳಕ್ಕೆ ಎಣ್ಣೆ ಹಾಕುತ್ತ ಕೂತೇ ಇದ್ದರು.

"ಬಂತು ಸಾಹೇಬ್" ಎಂದೆ ನಾನು.

"ನಾನು ಕೇಳಿದ್ದು ಅವನನ್ನು."

"ಅವರು ಯೋಚನೆ ಮಾಡ್ತಿದ್ದಾರೆ ಸಾಹೇಬ್."

"ಏನನ್ನು?"

"ಡ್ರಮ್ ಎಲ್ಲಿಡೋದು ಅಂತ."

ಸಾಹೇಬರು ಸೆಲ್ವಣ್ಣನ ಬೆನ್ನನ್ನು ನೋಡಿದರು, ನನ್ನ ಮುಖ ನೋಡಿದರು. "ಯೋಚನೆ ಮಾಡೋ ಲೈನ್‌ಮನ್ ಸಿಕ್ಕಿದ್ದು ನನ್ನ ಪುಣ್ಯ" ಎಂದು ಹೊರಟುಹೋದರು.

ಇನ್ನು ಆ ದಿನದ ಮಾತು. ಬೆಳಗಿನಿಂದ ಶೆಲ್ ಬೀಳುತ್ತಿತ್ತು, ಮೇಲಿನ ಲೈನ್ ಸತ್ತಿತ್ತು. ಸ್ವಲ್ಪ ಬಿಡುವು ಸಿಕ್ಕಿದಂತೆ ಕಂಡಾಗ ಹೊರಟೆವು. ಎಂದಿನಂತೆ ಅವರು ಮುಂದೆ, ನಾನು ಹಿಂದೆ, ಅಂಗೈಯಲ್ಲಿ ಕೇಬಲ್. ಅರ್ಧ ಇಳಿಜಾರು ಏರಿದಾಗ ಮತ್ತೆ ಶುರುವಾಯಿತು. ಮೊದಲನೆಯದು ಸಿಳ್ಳು ಕಿವಿಗೆ ಬೀಳುವಷ್ಟರಲ್ಲೇ ನಮ್ಮಿಬ್ಬರ ನಡುವೆ, ಬಲಕ್ಕೆ, ಬಂಡೆಯ ಆಚೆ ಬಿತ್ತು. ನಾನು ಜಗ್ಗಿ ಮಲಗಿದೆ. ಬಂಡೆ ಅಡ್ಡ ಇದ್ದುದರಿಂದ ಇಬ್ಬರಿಗೂ ಏನೂ ಆಗಲಿಲ್ಲ. ತಲೆ ಎತ್ತಿ ನೋಡಿದರೆ ಸೆಲ್ವಣ್ಣ ನೆಟ್ಟಗೆ ನಡೆದು ಹೋಗುತ್ತಿದ್ದಾರೆ. ಎರಡನೆಯದು ಅವರ ಎಡಕ್ಕೆ, ದೂರದಲ್ಲಿ. ಮತ್ತೆ ಜಗ್ಗಿದೆ. ಅವರು ತಿರುಗಿಯೂ ನೋಡಲಿಲ್ಲ. ಬಲವಾಗಿ ಎಳೆದೆ. ಕೇಬಲ್ ಸಲೀಸಾಗಿ ನನ್ನ ಕಡೆಗೆ ಬಂತು, ಅದರ ಹರಿದ ತುದಿ ಕಲ್ಲುಗಳ ಮೇಲೆ ಹಾರುತ್ತ ಬಂದು ನನ್ನ ಕೈ ಸೇರಿತು. ಮೊದಲ ಶೆಲ್ಲಿನ ಚೂರು ನಮ್ಮ ನಡುವೆಯೇ ಅದನ್ನು ಕಡಿದಿತ್ತು.

ನಮ್ಮ ಉಪಾಯದ ಜಾಣತನ ಆಗ ಕಂಡಿತು. ಶೆಲ್ ಬಿದ್ದರೆ ಕೇಬಲ್ ಕಡಿಯುತ್ತದೆ. ನಮ್ಮ ಕೆಲಸ ಇರುವುದೇ ಅದಕ್ಕಾಗಿ. ಶೆಲ್ ಬಿದ್ದಾಗ ಎಚ್ಚರಿಸಲು ನಾವು ನಂಬಿದ್ದು ಆ ಕೇಬಲನ್ನೇ. ಲೈನ್‌ಮನ್‌ಗಳನ್ನು ಬಿಟ್ಟು ಬೇರೆ ಯಾರೂ ಈ ತಪ್ಪು ಮಾಡಲಾರರು. ಕೈಯಲ್ಲಿ ಸದಾ ಕೇಬಲ್ ಇರುವವನಿಗೆ ಜಗತ್ತಿನಲ್ಲಿ ಹಗ್ಗವೂ ಇದೆ ಎಂದು ನೆನಪಾಗುವುದಿಲ್ಲ.

ಕೂಗಿದೆ. ಕೂಗಿ ಏನು ಪ್ರಯೋಜನ. ಕಲ್ಲು ಎತ್ತಿ ಎಸೆದೆ. ಮೊದಲನೆಯದು ತಪ್ಪಿತು. ಎರಡನೆಯದು ಬೆನ್ನಿಗೆ ಸರಿಯಾಗಿ ಬಡಿಯಿತು. ತಿರುಗಿ, ನಮ್ಮ ತಾಯಿಯನ್ನು ಸೇರಿಸಿ ತಮಿಳಿನಲ್ಲಿ ಏನೋ ಬೈದರು. ಆಮೇಲೆ ನಾನು ನೆಲಕ್ಕೆ ಅಂಟಿಕೊಂಡಿದ್ದದ್ದು ಕಂಡು ತಾವೂ ಬಿದ್ದರು. ಮೂರನೆಯದು ಅವರ ಆಚೆ ಹೋಗಿ ಸಿಡಿಯಿತು.

ಸ್ವಲ್ಪ ಹೊತ್ತಿಗೆ ಎದ್ದು, ಮಣ್ಣು ಉಗಿದು, ಮೇಲೆ ಹೋಗಿ ಬೆಳಿಗ್ಗೆ ಕಡಿದಿದ್ದ ಜಾಗ ಸೇರಿಸಿದರು, ಕೆಳಗಿಳಿದು ಬಂದು ಈಗ ಕಡಿದದ್ದನ್ನೂ ಸೇರಿಸಿದರು. ಬೆರಳಲ್ಲಿ ಹಿಡಿದು ನೋಡಿದರು. ಜುಮ್ ಎಂದಿರಬೇಕು, ತಲೆಯಾಡಿಸಿದರು.

"ಕಲ್ಲಲ್ಲಿ ಯಾಕೋ ಹೊಡ್ದೆ?"

ಅವರು ಆಗಷ್ಟೇ ಸೇರಿಸಿದ ಗಂಟು ತೋರಿಸಿ, ಜಗ್ಗುವ ಹಾಗೆ ಕೈ ಮಾಡಿದೆ. ಅದನ್ನು ನೋಡಿ, ಶೆಲ್ ಬಿದ್ದ ಬಂಡೆಯ ಕಡೆ ನೋಡಿ, ಅರ್ಥವಾಗಿ, ಕೂತು ನಕ್ಕರು. ನನಗೆ ನಗು ಬರಲಿಲ್ಲ. ಮರುದಿನದಿಂದ ಟೆಂಟಿನ ಹಗ್ಗವೊಂದನ್ನು ಇಬ್ಬರ ಸೊಂಟಕ್ಕೂ ಕಟ್ಟಿಕೊಂಡು ಹೋದೆವು.

ಆದರೆ ಮೇಲಿನ ಪೋಸ್ಟಿನವರು ದುರ್ಬೀನಿನಲ್ಲಿ ನೋಡುತ್ತಿದ್ದರು. ಅವರಿಗೆ ಕಲ್ಲು ಕಾಣಲಿಲ್ಲ. ಅವರಿಗೆ ಕಂಡದ್ದು ಇಷ್ಟು: ಎಡಕ್ಕೊಂದು ಬಲಕ್ಕೊಂದು ಶೆಲ್ ಬೀಳುತ್ತಿದೆ, ಒಬ್ಬ ಲೈನ್‌ಮನ್ ತಲೆ ಕೂಡ ಬಗ್ಗಿಸದೆ ಸಂತೆಗೆ ಹೋಗುವವನ ಹಾಗೆ ನಡೆದು ಬರುತ್ತಿದ್ದಾನೆ. ಚಹಾ ಕೊಟ್ಟಿದ್ದ ಅದೇ ಹವಾಲ್ದಾರ ಅದನ್ನು ಎಲ್ಲ ಪೋಸ್ಟುಗಳಿಗೂ ಫೋನಿನಲ್ಲಿ ಹೇಳಿದರು, ನಾವು ಸೇರಿಸಿಕೊಟ್ಟ ಲೈನಿನಲ್ಲೇ. ವಾರದೊಳಗೆ ಕಣಿವೆಯಲ್ಲೆಲ್ಲ ಸೆಲ್ವಣ್ಣ 'ತಲೆ ಬಗ್ಗಿಸದವನು'.

ಶಿವಾಜಿನಗರದ ಸಭೆಯಲ್ಲಿ ಈಗಲೂ ಈ ಕಥೆಯನ್ನು ಹಾಗೆಯೇ ಹೇಳುತ್ತಾರೆ. ಕೇಳಿಸದವನು ಬಗ್ಗದಿದ್ದರೆ ಅದರಲ್ಲಿ ಧೈರ್ಯವೇನು ಬಂತು? ಇದು ಒಂದು ಕಡೆಯ ವಾದ. ತನಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಆ ಇಳಿಜಾರಿಗೆ ದಿನವೂ ಹೋದವನಿಗೆ ಬೇರೆ ಯಾವ ಧೈರ್ಯ ಬೇಕು? ಇದು ಇನ್ನೊಂದು ಕಡೆಯದು. ಎರಡನೆಯದು ಗಟ್ಟಿ ಎಂದು ಕಾಲೇಜಿನ ತೀರ್ಪುಗಾರರಾದರೆ ಹೇಳಿಯಾರು. ಅದರಲ್ಲೂ ನನಗೊಂದು ಅನುಮಾನ ಇದೆ. ಕೆಲಸ ಹೋಗುತ್ತದೆ ಎಂಬ ಭಯ ಶೆಲ್ಲಿನ ಭಯಕ್ಕಿಂತ ದೊಡ್ಡದಾಗಿದ್ದರೆ, ಅದಕ್ಕೆ ಧೈರ್ಯ ಎನ್ನಬೇಕೋ ಏನೆನ್ನಬೇಕೋ? ಸೈನ್ಯಕ್ಕೆ ಸೇರುವವರು ಇದನ್ನು ಈಗಲೇ ಯೋಚಿಸಿಟ್ಟುಕೊಳ್ಳಿ. ಅಲ್ಲಿ ಪುರುಸೊತ್ತು ಸಿಗುವುದಿಲ್ಲ.

ಸುದ್ದಿ ಜನರಲ್ ಸಾಹೇಬರವರೆಗೂ ಹೋಯಿತು. ಅವರು ಬರುತ್ತಾರೆ, ಸೆಲ್ವರಾಜನನ್ನು ನೋಡಬೇಕಂತೆ ಎಂದರು ಠಾಕೂರ್ ಸಾಹೇಬರು. ಅಷ್ಟು ದಿನ ಶೆಲ್ಲಿನಿಂದ ಉಳಿದ ಗುಟ್ಟು ಕೈಕುಲುಕುವುದರಲ್ಲಿ ಹೋಗುವ ಹಾಗಿತ್ತು.

ನಾವು ಅಭ್ಯಾಸ ಮಾಡಿದೆವು. ದೊಡ್ಡ ಸಾಹೇಬರುಗಳು ಜವಾನನ ಎದುರು ನಿಂತರೆ ಕೇಳುವುದು ಅವೇ ಮಾತು, ಅದೇ ಸಾಲಿನಲ್ಲಿ. ಮೊದಲು, ಯಾವ ಊರು? ಆಮೇಲೆ, ಎಷ್ಟು ವರ್ಷ ಸರ್ವೀಸ್? ಕೊನೆಗೆ, ಏನಾದರೂ ತೊಂದರೆ ಇದೆಯಾ? ನನ್ನ ಸರ್ವೀಸಿನಲ್ಲಿ ಇದು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಬೆಂಗಳೂರು ಸಾಬ್, ಹದಿನೈದು ವರ್ಷ ಸಾಬ್, ತೊಂದರೆ ಇಲ್ಲ ಸಾಬ್. ಸೆಲ್ವಣ್ಣ ಬಾಯಿಪಾಠ ಮಾಡಿದರು. ತುಟಿ ನಿಂತ ಕೂಡಲೇ ಉತ್ತರ ಕೊಡುವುದು ಎಂದು ಗೊತ್ತು ಮಾಡಿಕೊಂಡೆವು.

ಜನರಲ್ ಸಾಹೇಬರು ಒಳ್ಳೆಯ ಮನುಷ್ಯ. ಅದೇ ತೊಂದರೆಯಾಯಿತು. ಅವರು ಪದ್ಧತಿ ಬಿಟ್ಟು ಮನಸ್ಸಿನಿಂದ ಮಾತಾಡಿದರು. ಕೈ ಹಿಡಿದುಕೊಂಡು, "ಭಯ ಆಗಲಿಲ್ಲವೇನಪ್ಪಾ?" ಎಂದರು.

"ಬೆಂಗಳೂರು ಸಾಬ್!" ಎಂದರು ಸೆಲ್ವಣ್ಣ, ಎದೆಯುಬ್ಬಿಸಿ.

ಜನರಲ್ ಒಂದು ಕ್ಷಣ ನೋಡಿ ಜೋರಾಗಿ ನಕ್ಕರು. ಬೆಂಗಳೂರಿನವರಿಗೆ ಭಯವಿಲ್ಲ ಎಂದು ತಿಳಿದುಕೊಂಡರು. ಅವರ ಹಿಂದಿದ್ದ ಎಲ್ಲರೂ ನಕ್ಕರು. ಅಷ್ಟಕ್ಕೇ ಮುಂದೆ ಹೋಗಿದ್ದರೆ ಮುಗಿಯುತ್ತಿತ್ತು. ಅವರು ಇನ್ನೂ ಹತ್ತಿರ ಬಗ್ಗಿ, "ಶೆಲ್ ಬರೋದು ಕೇಳಿಸಲಿಲ್ಲವಾ?" ಎಂದರು.

"ಹದಿನೈದು ವರ್ಷ ಸಾಬ್!"

ಈ ಸಲ ನಗು ಅಲ್ಲೊಂದು ಇಲ್ಲೊಂದು ಬಂತು. ಜನರಲ್ ಬೆನ್ನು ತಟ್ಟಿ ಮುಂದೆ ಹೋದರು. ಅವರ ಹಿಂದೆ ನಮ್ಮ ಡಾಕ್ಟರ್, ಎಳೆಯ ವಯಸ್ಸಿನ ಕ್ಯಾಪ್ಟನ್, ನಗದೆ ನಿಂತಿದ್ದರು.

ಜೀಪುಗಳು ಹೋದ ಮೇಲೆ ಅವರು ಬಂದರು. ಸೆಲ್ವಣ್ಣನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಸೆಲ್ವಣ್ಣ ಅತ್ತ ನೋಡುತ್ತಿದ್ದ ಹಾಗೆಯೇ ಇದ್ದರು. ಡಾಕ್ಟರ್ ಮತ್ತೊಮ್ಮೆ ತಟ್ಟಲಿಲ್ಲ. ನನ್ನನ್ನು ಕೇಳಿದರು, ಎಷ್ಟು ದಿನವಾಯಿತು ಎಂದು. ಹೇಳಿದೆ. ಠಾಕೂರ್ ಸಾಹೇಬರ ಕಡೆ ತಿರುಗಿ, "ನಿಮಗೆ ಗೊತ್ತಿತ್ತಾ ಸಾಹೇಬ್?" ಎಂದರು.

"ಗೊತ್ತಿತ್ತು" ಎಂದರು ಠಾಕೂರ್ ಸಾಹೇಬರು, ಧ್ವನಿ ಏರಿಸದೆ. "ಕಿವಿಯಲ್ಲಿ ರಕ್ತ ಬಂದ ದಿನದಿಂದ. ನನ್ನ ಹತ್ತಿರ ಬೇರೆ ಲೈನ್‌ಮನ್ ಇರಲಿಲ್ಲ ಸರ್. ಬಂದಿದ್ದರೆ ಅದೇ ದಿನ ಕಳಿಸ್ತಿದ್ದೆ. ನಾಳೆ ಇಬ್ಬರು ಬರ್ತಿದ್ದಾರೆ. ಕರ್ಕೊಂಡು ಹೋಗಿ."

ನಾನು ಗುಟ್ಟು ಕಾಪಾಡಿದೆನೆಂದು ತಿಳಿದಿದ್ದೆ. ಗುಟ್ಟು ಎಲ್ಲಿತ್ತು? ಬೇಕಾದಷ್ಟು ದಿನ ಯಾರೂ ನೋಡಲಿಲ್ಲ, ಅಷ್ಟೇ. ಸಾಹೇಬರ ಮೇಲೆ ಆ ದಿನ ಬಂದ ಸಿಟ್ಟು ಎಷ್ಟೋ ವರ್ಷ ಇತ್ತು. ಈಗ ಅದೂ ದಣಿದಿದೆ. ಅವರು ಮೇಲಿನ ಪೋಸ್ಟಿನಲ್ಲಿದ್ದ ಜನರನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿ ಸೆಲ್ವಣ್ಣನ ಕಿವಿಯನ್ನು ಇನ್ನೊಂದಕ್ಕೆ ಹಾಕಿದ್ದರು. ನಾನೂ ಅದನ್ನೇ ಮಾಡಿದ್ದೆ. ನನ್ನ ತಕ್ಕಡಿಯಲ್ಲಿ ಮಾತ್ರ ಆ ಜನರ ಜಾಗದಲ್ಲಿ ನಾನು ಕೂತಿದ್ದೆ.

ಮರುದಿನ ಬೆಳಿಗ್ಗೆ ಆಂಬುಲೆನ್ಸ್ ಬಂತು. ನೆಟ್ಟಗೆ ನಡೆಯಬಲ್ಲ ಮನುಷ್ಯ ಅದರಲ್ಲಿ ಮಲಗಲು ಒಪ್ಪಲಿಲ್ಲ, ಮುಂದೆ ಚಾಲಕನ ಪಕ್ಕ ಕೂತರು. ಇಕ್ಕಳವನ್ನು ಸ್ಟೋರಿಗೆ ಒಪ್ಪಿಸಲು ಹೇಳಿದ್ದರು, ಒಪ್ಪಿಸಿದ್ದರು. ನನ್ನ ಕಡೆ ನೋಡಲಿಲ್ಲ.

ಆಸ್ಪತ್ರೆ, ಪರೀಕ್ಷೆ, ಮೆಡಿಕಲ್ ಬೋರ್ಡು. ಅವರು ಹೇಳಿದ ಹಾಗೆಯೇ ಆಯಿತು. ಈರುಳ್ಳಿ ಹೆಚ್ಚಲು ಮಾತ್ರ ಕೂರಿಸಲಿಲ್ಲ, ನೇರ ಮನೆಗೆ ಕಳಿಸಿದರು. ಪದಕ ಕೊಟ್ಟರು. ಚಳಿಗಾಲದಲ್ಲಿ ರಜೆ ಸಿಕ್ಕಿದಾಗ ನಾನು ಹಲಸೂರಿಗೆ ಹೋದೆ. ಭಾನುವಾರ. ಓಣಿಯಲ್ಲಿ ಮಸಾಲೆಯ ವಾಸನೆ, ಎರಡು ಮನೆಯ ಟಿವಿಗಳ ಜಗಳ. ಅವರು ಹೊಸ್ತಿಲಲ್ಲಿ ಕೂತಿದ್ದರು. ಬರಮಾಡಿಕೊಂಡವರು ಅವರ ಹೆಂಡತಿ ಅಮುದಕ್ಕ.

"ಬಾಪ್ಪಾ, ಒಳಗ್ ಬಾ. ನಿನ್ ಹೆಸ್ರು ಹೇಳ್ದೆ ಇರೋ ದಿನ ಇಲ್ಲ. ಬೈಯೋಕಾದ್ರೂ ಹೇಳ್ತಾರೆ."

ಗೋಡೆಯ ಮೇಲೆ ಪದಕ ಇತ್ತು. ನಾನು ನೋಡುತ್ತಿದ್ದದ್ದು ಕಂಡು, "ನೋಡು, ಚೆನ್ನಾಗಿದೆ ಅಲ್ಲ?" ಎಂದರು ಅಮುದಕ್ಕ. "ಕುಕ್ಕರ್ ಕೂಗಿದ್ರೆ ನಾನೇ ಓಡ್ಬೇಕು, ಬಾಗ್ಲು ತಟ್ಟಿದ್ರೆ ನಾನೇ ಓಡ್ಬೇಕು. ನಮ್ಮಣ್ಣನ ಅಂಗಡೀಲಿ ಕೂರಿಸಿದ್ರೆ, ಗಿರಾಕಿ ಒಂದ್ ಕೇಳಿದ್ರೆ ಇವ್ರು ಒಂದ್ ಕೊಡ್ತಾರೆ. ವಾರಕ್ಕೇ ಎದ್ದು ಬಂದ್ರು."

"ಏನಂತೆ ಅವ್ಳು?" ಎಂದರು ಸೆಲ್ವಣ್ಣ.

"ನಿಮ್ಮನ್ನ ಹೊಗಳ್ತಿದಾರೆ" ಎಂದೆ, ತುಟಿ ಕಾಣುವ ಹಾಗೆ.

"ಹಾಂ, ಹೊಗಳೋ ಮುಖ ಅದೇ."

ಎದುರುಬದುರು ಕೂತು ಉಂಡೆವು. ಅನ್ನ ಕಲಸುತ್ತ, ಅವರು ತಲೆ ಎತ್ತದೆ, "ಒಂದ್ ಮಾತ್ ಕೇಳ್ತೀನಿ ವಕೀಲ" ಎಂದರು. "ನೀನು ಎಲ್ಲಾದಕ್ಕೂ ಎರಡೆರಡು ಉತ್ರ ಇಟ್ಕೊಂಡಿರ್ತೀಯ. ಇದಕ್ಕೆ ಒಂದೇ ಹೇಳು. ಅವತ್ತೆಲ್ಲಾ ನಾನು ಅಲ್ಲಿ ಇಲ್ದಿದ್ರೆ ಲೈನ್ ಸೇರ್ತಿತ್ತಾ?"

ಈಗ ತಲೆ ಎತ್ತಿ ನನ್ನ ಬಾಯನ್ನು ನೋಡಿದರು.

ಉತ್ತರ ನನಗೆ ಗೊತ್ತಿತ್ತು. ಸೈನ್ಯವನ್ನು ಕಟ್ಟಿರುವುದೇ ಯಾರು ಬಿದ್ದರೂ ಕೆಲಸ ನಿಲ್ಲದ ಹಾಗೆ. ಅವರು ಇಲ್ಲದಿದ್ದರೆ ನಾನೂ ಆ ಲಾರಿ ಚಾಲಕನೂ ಹೋಗುತ್ತಿದ್ದೆವು, ತಡಕಾಡುತ್ತಿದ್ದೆವು, ಸೇರಿಸುತ್ತಿದ್ದೆವು. ನಾವು ಸತ್ತಿದ್ದರೆ ಇನ್ನಿಬ್ಬರು. ಅಮುದಕ್ಕ ಸಾರಿನ ಸೌಟು ಹಿಡಿದು ನಿಂತಿದ್ದರು, ಅವರೂ ನನ್ನನ್ನೇ ನೋಡುತ್ತಿದ್ದರು.

"ಸೇರ್ತಿರ್ಲಿಲ್ಲ ಅಣ್ಣ" ಎಂದೆ. "ನೀವಿದ್ದಿದ್ದಕ್ಕೇ ಸೇರ್ತು."

ನನ್ನ ಬಾಯಿ ಮುಚ್ಚುವ ತನಕ ನೋಡಿದರು. ಆಮೇಲೂ ಸ್ವಲ್ಪ ಹೊತ್ತು ನೋಡಿದರು.

"ಕಾಲೇಜಲ್ಲಿ ನಿಂಗೆ ಕಪ್ ಬೇರೆ ಕೊಟ್ಟಿದ್ರಂತೆ" ಎಂದರು. "ಒಂದ್ ಸುಳ್ಳು ನೆಟ್ಟಗೆ ಹೇಳಕ್ ಬರಲ್ಲ." ನನ್ನ ತಟ್ಟೆಗೆ ತಾವೇ ಒಂದು ತುಂಡು ಮಾಂಸ ಹಾಕಿ, "ತಿನ್ನು, ಆರೋಗುತ್ತೆ" ಎಂದರು.

ರಜೆ ಮುಗಿಸಿ ಅದೇ ಗುಡ್ಡಕ್ಕೆ ಹಿಂದಿರುಗಿದೆ. ಹೊಸ ಜೋಡಿ ಒಡಿಶಾದವನು, ಎರಡು ಕಿವಿಯೂ ಚೆನ್ನಾಗಿದ್ದವು. ಶೆಲ್ ಆಗೊಮ್ಮೆ ಈಗೊಮ್ಮೆ ಇನ್ನೂ ಬೀಳುತ್ತಿತ್ತು, ಆ ವಾರವೇ ಲೈನ್ ಕಡಿಯಿತು. ಇಬ್ಬರೂ ಹೋದೆವು, ಹುಡುಕಿದೆವು, ಸೇರಿಸಿ ಬಂದೆವು. ಸೆಲ್ವಣ್ಣ ಇದ್ದಾಗ ಹಿಡಿಯುತ್ತಿದ್ದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು.